ಕಾರಿನ ಜೊತೆಗೇ ಡ್ಯಾಶ್‌ಕ್ಯಾಮ್ ಬರಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಲೇಜು, ಏರ್‌ಬ್ಯಾಗು, ಸನ್‌ರೂಫ್ ಎಲ್ಲ ವಿಚಾರಿಸಿದ ಮೇಲೆ ಹೊಸ ಕಾರು ಕೊಳ್ಳುವವರು ಈಗ ಇನ್ನೊಂದು ಮಾತು ಕೇಳುತ್ತಾರೆ: ಓಡುವಾಗ ರಸ್ತೆಯನ್ನು ರೆಕಾರ್ಡ್ ಮಾಡುತ್ತಲೇ ಇರುವ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್, ಕಂಪನಿಯಿಂದಲೇ ಬರುತ್ತದೆಯೇ, ಹೊರಗೆ ಹಾಕಿಸಬೇಕೇ? ಅದರ ಬೆನ್ನಿಗೇ ಕಾನೂನು, ವಿಮೆ, ಬ್ಯಾಟರಿ, ಖಾಸಗಿತನ ಎಂದು ಪ್ರಶ್ನೆಗಳು ಸಾಲುಗಟ್ಟುತ್ತವೆ. ಹೆಚ್ಚಾಗಿ ಕೇಳಿಬರುವವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಮೊದಲು ನಿಮ್ಮ ನಿಲುವು ಹೇಳಿ. ಎಲ್ಲ ಹೊಸ ಕಾರುಗಳಲ್ಲೂ ಇರಬೇಕೇ, ಬೇಡವೇ?

ಇರಬೇಕು, ಆದರೆ ಒಂದು ಷರತ್ತಿನ ಮೇಲೆ. ದೃಶ್ಯ ಉಳಿಯುವ ಮೆಮೊರಿ ಕಾರ್ಡ್ ಮಾಲೀಕರ ಕೈಗೆ ಸಿಗುವಂತಿರಬೇಕು. ಬೇಕೆಂದಾಗ ಕಾರ್ಡ್ ತೆಗೆಯಲು, ಬೇಡವೆಂದಾಗ ಕ್ಯಾಮೆರಾ ನಿಲ್ಲಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಬಾರದು. ಕ್ಯಾಮೆರಾ ನಮ್ಮ ದುಡ್ಡಿನದು, ದೃಶ್ಯ ಮಾತ್ರ ಕಂಪನಿಯ ಸರ್ವರ್‌ನಲ್ಲಿ, ಅದನ್ನು ನೋಡಲು ವರ್ಷ ವರ್ಷ ಚಂದಾ ಕಟ್ಟಬೇಕು ಎಂಬ ಏರ್ಪಾಡಾದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಿಗುವ ಬಿಡಿ ಕ್ಯಾಮೆರಾವೇ ವಾಸಿ.

ಎಲ್ಲರೂ ಕ್ಯಾಮೆರಾ ಇರಬೇಕೇ ಬೇಡವೇ ಎಂದು ವಾದಿಸುತ್ತಾರೆ. ನನ್ನ ಮಟ್ಟಿಗೆ ಕಾರ್ಡ್ ಯಾರ ಹತ್ತಿರ ಇರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಕೆಳಗಿನ ಉತ್ತರಗಳಲ್ಲೆಲ್ಲ ಅದು ಮತ್ತೆ ಮತ್ತೆ ಬರುತ್ತದೆ, ಬೇಸರಿಸಬೇಡಿ.

ಹೊಸ ಕಾರುಗಳಲ್ಲಿ ಈಗಾಗಲೇ ನಾಲ್ಕೈದು ಕ್ಯಾಮೆರಾ ಇರುತ್ತವೆ. ಅವು ರೆಕಾರ್ಡ್ ಮಾಡುವುದಿಲ್ಲವೇ?

ಬಹುತೇಕ ಕಾರುಗಳಲ್ಲಿ ಇಲ್ಲ. ಕನ್ನಡಿಯ ಹಿಂದೆ ಕುಳಿತ ಅಡಾಸ್ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಲೇನಿನ ಗೆರೆಗಳನ್ನೂ ಮುಂದಿನ ವಾಹನವನ್ನೂ ಗುರುತಿಸುತ್ತದೆ, ಮರುಕ್ಷಣ ಆ ಚಿತ್ರವನ್ನು ಬಿಟ್ಟುಬಿಡುತ್ತದೆ. ಪಾರ್ಕಿಂಗ್‌ಗೆ ನೆರವಾಗುವ 360 ಡಿಗ್ರಿ ಕ್ಯಾಮೆರಾಗಳೂ ತೋರಿಸುತ್ತವೆಯೇ ಹೊರತು ಉಳಿಸುವುದಿಲ್ಲ. ಕೆಲವು ಮಾದರಿಗಳು ಇದಕ್ಕೆ ಹೊರತು. ಮಹೀಂದ್ರ ಎಕ್ಸ್‌ಯುವಿ 700ರ 360 ಡಿಗ್ರಿ ಕ್ಯಾಮೆರಾ ದೃಶ್ಯವನ್ನು ರೆಕಾರ್ಡ್ ಮಾಡಬಲ್ಲದು. ಟೆಸ್ಲಾ 2018ರಲ್ಲಿ ಮಾಡಿದ್ದೂ ಇಷ್ಟೇ. ಕಾರಿನಲ್ಲಿ ಆಗಲೇ ಇದ್ದ ಕ್ಯಾಮೆರಾಗಳಿಗೆ ಸಾಫ್ಟ್‌ವೇರ್ ಮೂಲಕ ರೆಕಾರ್ಡಿಂಗ್ ಸೇರಿಸಿತು, ಮಾಲೀಕರು ಒಂದು ಯುಎಸ್‌ಬಿ ಡ್ರೈವ್ ಚುಚ್ಚಿದರೆ ಸಾಕಾಯಿತು.

ಕಣ್ಣು ಇದೆ, ವೈರು ಇದೆ, ಪರದೆಯೂ ಇದೆ. ಹತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿನಲ್ಲಿ ಮೆಮೊರಿ ಕಾರ್ಡಿಗೆ ಒಂದು ಸೀಳು ಕೊಡಲು ಏನು ಕಷ್ಟ ಎಂದು ಕೇಳುವ ಗ್ರಾಹಕರ ಸಿಟ್ಟು ನ್ಯಾಯವಾದದ್ದೇ.

ನಮ್ಮ ದೇಶದಲ್ಲಿ ಕಂಪನಿಯಿಂದಲೇ ಡ್ಯಾಶ್‌ಕ್ಯಾಮ್ ಪಡೆದ ಕಾರುಗಳು ಯಾವುವು?

ಸಾಮಾನ್ಯ ಗ್ರಾಹಕರ ಕಣ್ಣಿಗೆ ಬಿದ್ದದ್ದು 2022ರ ಹ್ಯುಂಡೈ ವೆನ್ಯೂ ಎನ್ ಲೈನ್‌ನಲ್ಲಿ. ಮರುವರ್ಷ ಬಂದ ಎಕ್ಸ್‌ಟರ್‌ನ ಮೇಲಿನ ಆವೃತ್ತಿಗಳಲ್ಲೂ ರಸ್ತೆಗೊಂದು, ಕಾರಿನ ಒಳಗಿಗೊಂದು ಎಂದು ಎರಡು ಕ್ಯಾಮೆರಾ ಬಂದವು. ಎಕ್ಸ್‌ಟರ್ ಚಿಕ್ಕ ಕಾರು. ದುಬಾರಿ ಕಾರಿಗೆ ಮಾತ್ರ ಸಾಧ್ಯ ಎಂಬ ನೆಪ ಅಲ್ಲಿಗೆ ಮುಗಿಯಿತು. ಉಳಿದಂತೆ ಹೆಚ್ಚಿನ ಕಂಪನಿಗಳು ಡ್ಯಾಶ್‌ಕ್ಯಾಮನ್ನು ಆಕ್ಸೆಸರಿ ಪಟ್ಟಿಯಲ್ಲಿ ಇಟ್ಟಿವೆ. ಅಂದರೆ ಶೋರೂಂನಲ್ಲಿಯೇ ಹಾಕಿಕೊಡುತ್ತಾರೆ, ಆದರೆ ಕಾರ್ಖಾನೆಯಲ್ಲಿ ಕೂರಿಸಿದ್ದಲ್ಲ. ಶೋರೂಂನಲ್ಲಿ ಹಾಕುವುದಕ್ಕೂ ಕಾರ್ಖಾನೆಯಲ್ಲಿ ಕೂರಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಹೊರಗೆ ನಾಲ್ಕೈದು ಸಾವಿರಕ್ಕೆ ಸಿಗುವಾಗ ಕಾರ್ಖಾನೆಯದೇ ಏಕೆ ಬೇಕು?

ಕ್ಯಾಮೆರಾದ ಗುಣಮಟ್ಟಕ್ಕಾಗಿ ಅಲ್ಲ. ಆ ವಿಷಯದಲ್ಲಿ ಬಿಡಿ ಕ್ಯಾಮೆರಾಗಳೇ ಸಾಮಾನ್ಯವಾಗಿ ಮುಂದಿವೆ. ಕಾರಿನ ಮಾದರಿ ಬದಲಾಗಲು ಐದಾರು ವರ್ಷ ಹಿಡಿಯುತ್ತದೆ, ಕ್ಯಾಮೆರಾ ಮಾರುಕಟ್ಟೆ ವರ್ಷಕ್ಕೊಮ್ಮೆ ಹೊಸತಾಗುತ್ತದೆ. ಕಾರ್ಖಾನೆಯ ಲಾಭ ಇರುವುದು ವೈರಿನಲ್ಲಿ.

ಹೊರಗೆ ಹಾಕಿಸುವಾಗ ಒಂದೋ ಸಿಗರೇಟ್ ಲೈಟರ್ ಸಾಕೆಟ್ಟಿಗೆ ವೈರು ಚುಚ್ಚಿ ಗಾಜಿನ ಮುಂದೆ ಜೋತಾಡಿಸಬೇಕು, ಇಲ್ಲವೇ ಕಂಬದ ಪ್ಲಾಸ್ಟಿಕ್ ಬಿಚ್ಚಿ ಫ್ಯೂಸ್ ಬಾಕ್ಸ್‌ನಿಂದ ವಿದ್ಯುತ್ ಎಳೆಯಬೇಕು. ಎರಡನೆಯದನ್ನು ಅಚ್ಚುಕಟ್ಟಾಗಿ ಮಾಡುವ ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ವೈರನ್ನು ಎಲ್ಲೋ ಕತ್ತರಿಸಿ, ಟೇಪು ಸುತ್ತಿ ಕಳುಹಿಸುವವರೂ ಇದ್ದಾರೆ. ಕತ್ತರಿಸಿದ ವೈರನ್ನು ತೋರಿಸಿ ಸರ್ವಿಸ್ ಸೆಂಟರ್‌ನವರು ವಿದ್ಯುತ್ ಭಾಗಗಳ ವಾರಂಟಿಗೆ ತಕರಾರು ತೆಗೆದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇನ್ನೊಂದು ಅಪಾಯ: ಅದು ಬಿಚ್ಚಿಕೊಳ್ಳುವುದು ಕಿಟಕಿಗಳ ಮೇಲಿನ ಚಾವಣಿಯ ಅಂಚಿನಿಂದ, ಮುಂದಿನ ಕಂಬದ ಕಡೆಗೂ ಚಾಚಿಕೊಂಡು. ಅದರ ಅಡ್ಡಕ್ಕೆ ವೈರು ಎಳೆದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೇ ಅಡ್ಡಿಯಾಗಬಹುದು.

ಆದ್ದರಿಂದ ಕಂಪನಿಗಳಿಗೆ ನನ್ನ ಬೇಡಿಕೆ ಬಹಳ ಚಿಕ್ಕದು. ಕ್ಯಾಮೆರಾ ಕೊಡದಿದ್ದರೂ ಪರವಾಗಿಲ್ಲ, ಒಳಗನ್ನಡಿಯ ಹತ್ತಿರ ಒಂದು ಯುಎಸ್‌ಬಿ ಕಿಂಡಿ ಕೊಡಿ. ಕೆಲವು ಕಾರುಗಳಲ್ಲಿ ಅದು ಈಗಾಗಲೇ ಇದೆ. ಎಲ್ಲ ಕಾರುಗಳಲ್ಲೂ, ಕೆಳಗಿನ ಆವೃತ್ತಿಯಲ್ಲೂ ಬಂದರೆ ಅರ್ಧ ಸಮಸ್ಯೆ ನೀಗುತ್ತದೆ. ಕ್ಯಾಮೆರಾ ನಮ್ಮ ಆಯ್ಕೆಯದು, ಕಾರ್ಡ್ ನಮ್ಮದು, ವೈರು ಮಾತ್ರ ಅವರದು.

ಡ್ಯಾಶ್‌ಕ್ಯಾಮ್ ಇದ್ದರೆ ಅಪಘಾತ ಕಡಿಮೆಯಾಗುತ್ತದೆಯೇ?

ಅದು ಸಾಕ್ಷಿ, ಬ್ರೇಕ್ ಅಲ್ಲ. ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ನೋಡಿಕೊಳ್ಳುವ ಎಬಿಎಸ್, ಏರ್‌ಬ್ಯಾಗ್ ಜೀವ ಉಳಿಸುತ್ತವೆ. ಬಜೆಟ್ ಬಿಗಿಯಿದ್ದು ಎರಡರಲ್ಲಿ ಒಂದೇ ಸಾಧ್ಯವೆಂದಾದರೆ ಆರು ಏರ್‌ಬ್ಯಾಗ್ ಇರುವ ಆವೃತ್ತಿಯನ್ನೇ ಕೊಳ್ಳಿ, ಡ್ಯಾಶ್‌ಕ್ಯಾಮ್ ಆಮೇಲೆ ನೋಡಿದರಾಯಿತು.

ಹಾಗಾದರೆ ಅದರಿಂದ ಯಾರಿಗೆ ಲಾಭ? ಬರೀ ಕಾರಿನ ಮಾಲೀಕರಿಗೇ?

ಬಹಳ ಜನ ಹಾಗೆಯೇ ಯೋಚಿಸುತ್ತಾರೆ. ಕಾರು ಕೊಳ್ಳಲು ಶಕ್ತಿ ಇರುವವರು ಬೈಕ್ ಸವಾರರ ವಿರುದ್ಧ ಸಾಕ್ಷ್ಯ ಕೂಡಿಡುವ ಉಪಾಯ ಇದು ಎಂಬ ಆಕ್ಷೇಪವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ಅಂಕಿಗಳನ್ನು ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಸುಮಾರು ಶೇ 19 ಮಂದಿ ಪಾದಚಾರಿಗಳು. ಗುದ್ದಿ ಪರಾರಿಯಾದ ಪ್ರಕರಣಗಳೇ 67,387, ಅವುಗಳಲ್ಲಿ ಸತ್ತವರು 30,486. ಗುದ್ದಿದ ವಾಹನ ಯಾವುದೆಂದು ತಿಳಿಯದಿದ್ದರೆ ಸತ್ತವರ ಮನೆಯವರಿಗೆ ಸಿಗುವುದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯ 2 ಲಕ್ಷ ರೂಪಾಯಿ, ತೀವ್ರ ಗಾಯವಾಗಿದ್ದರೆ 50 ಸಾವಿರ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಸತ್ತವರ ವಯಸ್ಸು, ದುಡಿಮೆ, ಅವಲಂಬಿತರನ್ನು ಲೆಕ್ಕ ಹಾಕಿ ಅದರ ಹಲವು ಪಟ್ಟು ಪರಿಹಾರ ಕೇಳಬಹುದು. ಮಂಡ್ಯದ ಹೊರವಲಯದಲ್ಲಿ ರಾತ್ರಿ ರಸ್ತೆ ದಾಟುವ ಕೂಲಿಯಾಳಿಗೆ ಲಾರಿ ಗುದ್ದಿ ಹೋದರೆ, ಆ ನಂಬರ್ ಪ್ಲೇಟ್ ಹಿಡಿಯಬಲ್ಲ ಕ್ಯಾಮೆರಾ ಇರುವುದು ಹಿಂದೆ ಬರುತ್ತಿದ್ದ ಯಾರದೋ ಕಾರಿನಲ್ಲಿ.

ಎಲ್ಲ ಕಾರುಗಳಲ್ಲೂ ಇರಲಿ ಎಂಬ ವಾದಕ್ಕೆ ನನ್ನನ್ನು ಒಲಿಸಿದ್ದು ಅಪಘಾತಕ್ಕೆ ಸಂಬಂಧವೇ ಇಲ್ಲದ ಈ ಮೂರನೆಯವರ ಕಾರು. ತನ್ನ ರಕ್ಷಣೆಗೆ ಬೇಕೆನ್ನುವವರು ಹೇಗೂ ಕೊಂಡು ಹಾಕಿಸಿಕೊಳ್ಳುತ್ತಾರೆ. ಬೇರೆಯವರಿಗೆ ಉಪಯೋಗವಾಗಲಿ ಎಂದು ಐದು ಸಾವಿರ ಖರ್ಚು ಮಾಡುವವರು ಕಡಿಮೆ. ಕಾರಿನ ಜೊತೆಗೇ ಬಂದರೆ ಆ ಉಪಯೋಗ ತಾನಾಗಿಯೇ ಆಗುತ್ತದೆ.

ಬೆಂಗಳೂರಿನಲ್ಲಿ ಬೇಕೆಂದೇ ಗುದ್ದಿ ಹಣ ಕೀಳುವವರ ಸುದ್ದಿ ಬರುತ್ತದೆ. ಅಲ್ಲಿ ಇದು ನೆರವಾಗಿದೆಯೇ?

ಆಗಿದೆ. 2023ರ ಜನವರಿಯಲ್ಲಿ ಸರ್ಜಾಪುರ ರಸ್ತೆಯ ಬಳಿ ನಸುಕಿನಲ್ಲಿ ಮನೆಗೆ ಮರಳುತ್ತಿದ್ದ ದಂಪತಿಯ ಕಾರಿಗೆ ದ್ವಿಚಕ್ರ ವಾಹನದವರು ಎದುರಿನಿಂದ ಬಂದು ಗುದ್ದಿ, ಆಮೇಲೆ ಕಿಲೋಮೀಟರುಗಟ್ಟಲೆ ಬೆನ್ನಟ್ಟಿದರು. ಇಡೀ ಘಟನೆ ಡ್ಯಾಶ್‌ಕ್ಯಾಮ್‌ನಲ್ಲಿ ದಾಖಲಾಗಿ ಸಾರ್ವಜನಿಕವಾಗಿ ಹರಿದಾಡಿತು, ಪೊಲೀಸರು ಇಬ್ಬರನ್ನು ಬಂಧಿಸಿದರು. ಕ್ಯಾಮೆರಾ ಇಲ್ಲದಿದ್ದರೆ ಸೇರಿದ ಗುಂಪಿಗೆ ಕಾಣುತ್ತಿದ್ದುದು ನೆಲಕ್ಕೆ ಬಿದ್ದ ಬೈಕು ಮತ್ತು ನಿಂತ ಕಾರು ಮಾತ್ರ. ದೊಡ್ಡ ವಾಹನದ್ದೇ ತಪ್ಪು ಎಂಬ ತೀರ್ಪು ನಮ್ಮ ರಸ್ತೆಗಳಲ್ಲಿ ಎಷ್ಟು ಬೇಗ ಹೊರಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು.

ಅಂಥ ಸಂದರ್ಭದಲ್ಲಿ ಕಾರಿನಿಂದ ಇಳಿಯದೆ, ಗಾಜು ಏರಿಸಿ, 112ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಕ್ಯಾಮೆರಾ ತನ್ನ ಕೆಲಸ ತಾನು ಮಾಡುತ್ತದೆ.

ಡ್ಯಾಶ್‌ಕ್ಯಾಮ್ ದೃಶ್ಯವನ್ನು ನ್ಯಾಯಾಲಯ ಒಪ್ಪುತ್ತದೆಯೇ?

ಒಪ್ಪುತ್ತದೆ, ಆದರೆ ವಿಧಾನ ತಪ್ಪಬಾರದು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಿದ್ಯುನ್ಮಾನ ದಾಖಲೆಗಳ ಬಗ್ಗೆ ಅದರ 63ನೇ ಕಲಮು ಹೇಳುತ್ತದೆ. ನಕಲು ಪ್ರತಿ ಹಾಜರುಪಡಿಸುವುದಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದೃಶ್ಯ ಯಾರ ಸಾಧನದ್ದೋ ಅವರು ತುಂಬಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಅದರ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ದೃಶ್ಯದ ಒಂದೇ ಒಂದು ಚೌಕಟ್ಟು (ಫ್ರೇಮ್) ತಿದ್ದಿದರೂ ಆ ಮೌಲ್ಯ ಬದಲಾಗುವುದರಿಂದ ತಿದ್ದುಪಡಿ ಬಯಲಾಗುತ್ತದೆ.

ಹಳೆಯ ಕಾಯ್ದೆಯ 65ಬಿ ಕಲಮಿನಡಿ ಈ ಪ್ರಮಾಣಪತ್ರ ಬೇಕೇ ಬೇಡವೇ ಎಂಬ ಗೊಂದಲ ವರ್ಷಗಟ್ಟಲೆ ನಡೆದಿತ್ತು. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು: ನಕಲಿಗೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ಮಾಲೀಕರು ಸಾಕ್ಷಿಕಟ್ಟೆಗೆ ತಂದು ರುಜುವಾತುಪಡಿಸಿದರೆ ಬೇಕಿಲ್ಲ. ಮೂಲ ಮೆಮೊರಿ ಕಾರ್ಡಿಗೆ ಇಷ್ಟೊಂದು ಬೆಲೆ ಬರುವುದು ಇದರಿಂದಲೇ. ವಾಟ್ಸ್‌ಆ್ಯಪ್‌ನಲ್ಲಿ ಬಂದು, ಕುಗ್ಗಿ, ಮತ್ತೆ ಇನ್ನೊಬ್ಬರಿಗೆ ಹೋದ ತುಣುಕನ್ನು ನಂಬಿಸುವುದು ಕಷ್ಟ. ಕಾರ್ಡ್ ತೆಗೆಯಲು ಬಾರದಂತೆ ಒಳಗೇ ಬೆಸೆದಿರುವ ಕ್ಯಾಮೆರಾದಲ್ಲಿ ಮೂಲ ಸಾಧನ ಒಪ್ಪಿಸುವುದೆಂದರೆ ಕಾರನ್ನೇ ಬಿಚ್ಚಿಸುವುದೇ? ಈ ಪ್ರಶ್ನೆಯನ್ನು ಶೋರೂಂನವರಿಗೆ ಕೇಳಿ ನೋಡಿ.

ಪರಿಹಾರದ ಪ್ರಕರಣಗಳಲ್ಲಿ ಹಾದಿ ಸ್ವಲ್ಪ ಸಲೀಸು. ಅಪಘಾತ ಪರಿಹಾರ ನ್ಯಾಯಮಂಡಳಿ ಕ್ರಿಮಿನಲ್ ನ್ಯಾಯಾಲಯದಂತೆ ಸಂಶಯಾತೀತ ರುಜುವಾತು ಕೇಳುವುದಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂದು ತೂಗುತ್ತದೆ.

ತಪ್ಪು ನನ್ನದೇ ಆಗಿದ್ದರೆ? ನನ್ನ ಕ್ಯಾಮೆರಾ ನನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತದೆಯಲ್ಲ?

ನುಡಿಯುತ್ತದೆ. ಜಿಪಿಎಸ್ ಇರುವ ಕ್ಯಾಮೆರಾ ದೃಶ್ಯದ ಮೂಲೆಯಲ್ಲಿ ವೇಗವನ್ನೂ ಬರೆಯುತ್ತದೆ. ಎದುರಿನವನು ತಪ್ಪು ದಿಕ್ಕಿನಲ್ಲಿ ಬಂದದ್ದು ಕಾಣುವಾಗಲೇ ನೀವು 80ರ ಮಿತಿಯಲ್ಲಿ 110ಕ್ಕೆ ಓಡಿಸುತ್ತಿದ್ದುದೂ ಕಾಣುತ್ತದೆ. ಆರೋಪಿಯನ್ನು ತನ್ನ ವಿರುದ್ಧ ಸಾಕ್ಷಿ ನುಡಿಯಲು ಬಲವಂತಪಡಿಸುವಂತಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ ನಿಜ, ಆದರೆ ತನಿಖೆಯ ವೇಳೆ ಪೊಲೀಸರು ವಾಹನವನ್ನೂ ಅದರಲ್ಲಿರುವ ಸಾಧನವನ್ನೂ ಮಹಜರು ಮಾಡಿ ವಶಕ್ಕೆ ಪಡೆಯಬಲ್ಲರು. ದೃಶ್ಯ ಅಳಿಸಿದರೆ ಸಾಕ್ಷ್ಯನಾಶದ ಇನ್ನೊಂದು ಆರೋಪ ಹೆಗಲೇರುತ್ತದೆ.

ಇದಕ್ಕೆ ಹೆದರಿ ಕ್ಯಾಮೆರಾ ಬೇಡವೆನ್ನುವವರ ಬಗ್ಗೆ ನನಗೆ ಹೆಚ್ಚೇನೂ ಮರುಕವಿಲ್ಲ. ಆದರೆ ಅವರ ಇಷ್ಟಕ್ಕೆ ವಿರುದ್ಧವಾಗಿ, ನಿಲ್ಲಿಸಲು ಬಾರದಂಥ ಕ್ಯಾಮೆರಾವನ್ನು ಅವರದೇ ದುಡ್ಡಿನಲ್ಲಿ ಕಾರಿಗೆ ಕೂರಿಸುವುದೂ ಸರಿಯಲ್ಲ.

ಏರ್‌ಬ್ಯಾಗ್ ಹಾಗೆ ಸರ್ಕಾರವೇ ಕಡ್ಡಾಯ ಮಾಡಿಬಿಡಬಹುದಲ್ಲ?

ಮಾಡಬಹುದು. ಹಿಂದಿನ ಪಾರ್ಕಿಂಗ್ ಸೆನ್ಸರ್, ವೇಗದ ಎಚ್ಚರಿಕೆ ಗಂಟೆ, ಸೀಟ್ ಬೆಲ್ಟ್ ಜ್ಞಾಪನೆ 2019ರ ಜುಲೈಯಿಂದ ಕಡ್ಡಾಯವಾದದ್ದು ಹೀಗೆಯೇ. ಆದರೆ ಆರು ಏರ್‌ಬ್ಯಾಗ್‌ಗಳ ಕಥೆ ನೆನಪಿಸಿಕೊಳ್ಳಿ. 2022ರ ಅಕ್ಟೋಬರ್‌ನಿಂದ ಕಡ್ಡಾಯ ಎಂದರು, ಒಂದು ವರ್ಷ ಮುಂದೂಡಿದರು, ಕೊನೆಗೆ 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ ಅವರೇ ಹೇಳಿದರು. ಜೀವ ಉಳಿಸುವ ಸಾಧನಕ್ಕೇ ಹೀಗಾದ ಮೇಲೆ ಡ್ಯಾಶ್‌ಕ್ಯಾಮ್‌ಗೆ ಆದೇಶ ಬರುತ್ತದೆಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಕಡ್ಡಾಯಕ್ಕೆ ನನ್ನ ವಿರೋಧವೂ ಇದೆ. ಕಡ್ಡಾಯವಾದ ಸಾಧನಕ್ಕೆ ಸರ್ಕಾರ ಮಾನದಂಡ ಬರೆಯುತ್ತದೆ. ದೃಶ್ಯವನ್ನು ಎಷ್ಟು ದಿನ ಉಳಿಸಬೇಕು, ಯಾರು ಕೇಳಿದರೆ ಕೊಡಬೇಕು ಎಂಬುದೂ ಅಲ್ಲಿಗೇ ಬಂದು ಸೇರುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 136ಎ ಕಲಮು ಮತ್ತು ಅದರಡಿ 2021ರಲ್ಲಿ ಬಂದ ನಿಯಮ 167ಎ ವಿದ್ಯುನ್ಮಾನ ನಿಗಾ ಸಾಧನಗಳ ಪಟ್ಟಿ ಕೊಡುತ್ತವೆ. ವೇಗದ ಕ್ಯಾಮೆರಾ, ಸಿಸಿಟಿವಿ, ಪೊಲೀಸರ ಮೈಮೇಲಿನ ಕ್ಯಾಮೆರಾಗಳ ಜೊತೆ ಡ್ಯಾಶ್‌ಬೋರ್ಡ್ ಕ್ಯಾಮೆರಾವೂ ಅದರಲ್ಲಿದೆ. ಈಗ ಅದು ದಂಡ ವಿಧಿಸುವವರ ವಾಹನದ ಮಾತು. ನಾಳೆ ನಮ್ಮ ಕಾರಿನ ಕಣ್ಣನ್ನೂ ಆ ಪಟ್ಟಿಗೆ ಸೇರಿಸುವುದಕ್ಕೆ ಹೆಚ್ಚು ಶ್ರಮ ಬೇಕಿಲ್ಲ.

ವಿದೇಶದ ಕಾರುಗಳಲ್ಲಿ ಬ್ಲ್ಯಾಕ್ ಬಾಕ್ಸ್ ಕಡ್ಡಾಯವಂತೆ. ಅದೂ ಡ್ಯಾಶ್‌ಕ್ಯಾಮೂ ಒಂದೇ ಅಲ್ಲವೇ?

ಅಲ್ಲ. ಐರೋಪ್ಯ ಒಕ್ಕೂಟ 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು ಇಡಿಆರ್ ಎಂಬ ದತ್ತಾಂಶ ದಾಖಲೆಯ ಸಾಧನವನ್ನು. ಡಿಕ್ಕಿಗೆ ಮುನ್ನಿನ ಐದು ಸೆಕೆಂಡುಗಳಲ್ಲಿ ವೇಗ ಎಷ್ಟಿತ್ತು, ಬ್ರೇಕ್ ಒತ್ತಿದ್ದರೇ, ಸೀಟ್ ಬೆಲ್ಟ್ ಹಾಕಿತ್ತೇ ಎಂಬಂಥ ವಿವರ ಅದರಲ್ಲಿರುತ್ತದೆ. ಚಿತ್ರವಿಲ್ಲ, ಧ್ವನಿಯಿಲ್ಲ. ದಕ್ಷಿಣ ಕೊರಿಯಾದವರು ಬ್ಲ್ಯಾಕ್ ಬಾಕ್ಸ್ ಎನ್ನುವುದು ಮಾತ್ರ ಡ್ಯಾಶ್‌ಕ್ಯಾಮಿಗೇ. ಅಲ್ಲಿ ಅದಿಲ್ಲದ ಕಾರು ಅಪರೂಪ. ಹ್ಯುಂಡೈ ತನ್ನ ದೇಶದಲ್ಲಿ 2019ರ ಸೊನಾಟಾದಿಂದಲೇ ಕಾರಿನೊಳಗೆ ಬೆರೆತ ಕ್ಯಾಮೆರಾ ಕೊಡುತ್ತಿದೆ.

ಜರ್ಮನಿ, ಅಮೆರಿಕದಲ್ಲಿರುವ ನಮ್ಮವರು ಇಟ್ಟುಕೊಳ್ಳಬಹುದೇ?

ಜರ್ಮನಿಯಲ್ಲಿ ವಿಚಿತ್ರ ಸ್ಥಿತಿ ಇದೆ. ಕಾರಣವಿಲ್ಲದೆ ಸದಾ ರೆಕಾರ್ಡ್ ಮಾಡುವುದು ದತ್ತಾಂಶ ರಕ್ಷಣೆಯ ಕಾನೂನಿಗೆ ವಿರುದ್ಧ, ಆದರೂ ಅಪಘಾತದ ಸಿವಿಲ್ ದಾವೆಯಲ್ಲಿ ಆ ದೃಶ್ಯವನ್ನು ಪರಿಗಣಿಸಬಹುದು ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ಡಿಕ್ಕಿಯಾದಾಗ ಮಾತ್ರ ಉಳಿಸಿ, ಉಳಿದದ್ದನ್ನು ಬೇಗ ಬೇಗ ಅಳಿಸುವ ಕ್ಯಾಮೆರಾ ಅಲ್ಲಿ ಕ್ಷೇಮ. ಪಕ್ಕದ ಆಸ್ಟ್ರಿಯಾ ಇನ್ನೂ ಬಿಗಿ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ವಾರಾಂತ್ಯಕ್ಕೆ ಹೋಗುವವರು ಗಡಿಗೆ ಮುನ್ನವೇ ಕ್ಯಾಮೆರಾ ಕಳಚಿಡುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಯ ರೆಕಾರ್ಡಿಂಗ್‌ಗೆ ಅದರಲ್ಲಿರುವ ಎಲ್ಲರ ಒಪ್ಪಿಗೆ ಬೇಕು, ಆದ್ದರಿಂದ ಧ್ವನಿ ಆಫ್ ಮಾಡಿ ಅಥವಾ ಕಾರಿನಲ್ಲಿರುವವರಿಗೆ ಮೊದಲೇ ತಿಳಿಸಿ.

ರಷ್ಯಾದಲ್ಲಿ ಇದಕ್ಕೆ ತದ್ವಿರುದ್ಧ. 2013ರ ಫೆಬ್ರುವರಿ 15ರಂದು ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಜಗತ್ತು ನೋಡಿದ ದೃಶ್ಯಗಳಲ್ಲಿ ಬಹಳಷ್ಟು ಡ್ಯಾಶ್‌ಕ್ಯಾಮ್‌ಗಳವು. ವಿಮೆ ವಂಚಕರ ಭಯಕ್ಕೆ ಜನ ಇಟ್ಟುಕೊಂಡ ಕ್ಯಾಮೆರಾಗಳು ಖಗೋಳ ವಿಜ್ಞಾನಿಗಳಿಗೆ ಉಲ್ಕೆಯ ಹಾದಿ ಲೆಕ್ಕ ಹಾಕಲು ಒದಗಿದವು.

ಖಾಸಗಿತನದ ಭಯ ನಿಜವಾದದ್ದೇ, ಉತ್ಪ್ರೇಕ್ಷೆಯೇ?

ರಸ್ತೆ ನೋಡುವ ಕ್ಯಾಮೆರಾದ ವಿಷಯದಲ್ಲಿ ಸ್ವಲ್ಪ ಉತ್ಪ್ರೇಕ್ಷೆ. ಒಳಗೆ ನೋಡುವ, ಇಂಟರ್‌ನೆಟ್‌ಗೆ ಸೇರಿದ ಕ್ಯಾಮೆರಾದ ವಿಷಯದಲ್ಲಿ ಪೂರಾ ನಿಜ.

2023ರ ಏಪ್ರಿಲ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು: 2019ರಿಂದ 2022ರ ನಡುವೆ ಟೆಸ್ಲಾ ನೌಕರರ ಗುಂಪುಗಳು ಗ್ರಾಹಕರ ಕಾರಿನ ಕ್ಯಾಮೆರಾಗಳಿಂದ ಬಂದ ಖಾಸಗಿ ದೃಶ್ಯಗಳನ್ನು ಕಂಪನಿಯ ಒಳಗಿನ ಸಂದೇಶ ವ್ಯವಸ್ಥೆಯಲ್ಲಿ ಪರಸ್ಪರ ಹಂಚಿಕೊಂಡು ನೋಡುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗ ಇದು. ನೆದರ್‌ಲ್ಯಾಂಡ್ಸ್‌ನಲ್ಲಿ ದತ್ತಾಂಶ ಪ್ರಾಧಿಕಾರ ತನಿಖೆಗೆ ಇಳಿದಾಗ ಅದೇ ಕಂಪನಿ ನಿಂತ ಕಾರಿನ ಸುತ್ತಲನ್ನು ಕಾಯುವ ಸೆಂಟ್ರಿ ಮೋಡ್‌ನ ಹೊಂದಿಕೆಗಳನ್ನು ಬದಲಾಯಿಸಬೇಕಾಯಿತು. ಮೆಮೊರಿ ಕಾರ್ಡ್ ಕಾರಿನಲ್ಲೇ ಇದ್ದರೆ ದೂರದಲ್ಲಿ ಕುಳಿತು ನೋಡಿ ನಗುವವರು ಯಾರೂ ಇರುವುದಿಲ್ಲ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ನಿಮ್ಮ ದೃಶ್ಯ ಇದ್ದರೆ ತಂಟೆಯಿಲ್ಲ. ಅದೇ ದೃಶ್ಯ ಕಾರು ಕಂಪನಿಯ ಸರ್ವರ್‌ಗೆ ಹೋದರೆ ಆ ಕಂಪನಿ ಕಾಯ್ದೆಯ ಹೊಣೆ ಹೊರಬೇಕು, ನಿಮ್ಮ ಒಪ್ಪಿಗೆ ಪಡೆಯಬೇಕು. ಕಾರಿನ ಪರದೆಯ ಮೇಲೆ ಮೊದಲ ದಿನ ಬರುವ ಉದ್ದನೆಯ ಷರತ್ತಿಗೆ ಸೇಲ್ಸ್‌ನವರೇ ನಿಮ್ಮ ಪರವಾಗಿ ಒಪ್ಪಿಗೆ ಒತ್ತಿಬಿಡುತ್ತಾರೆ, ಒತ್ತಲು ಬಿಡಬೇಡಿ. ನೀವೇ ಓದಿ.

ಕಾರಿನೊಳಗಿನ ಕ್ಯಾಮೆರಾ ಬೇಕೇ?

ಟ್ಯಾಕ್ಸಿಗೆ ಬೇಕು, ಚಾಲಕರ ರಕ್ಷಣೆಗೂ ಪ್ರಯಾಣಿಕರ ರಕ್ಷಣೆಗೂ. ಆದರೆ ರೆಕಾರ್ಡ್ ಆಗುತ್ತಿದೆ ಎಂದು ಕಾಣುವಂತೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿರಬೇಕು. ಮನೆಯ ಕಾರಿಗೆ ನನ್ನ ಮಟ್ಟಿಗೆ ಬೇಡ.

ವಿಮೆಯ ಕಂತು ಕಡಿಮೆಯಾಗುತ್ತದೆಯೇ?

ಆ ಆಸೆ ಇಟ್ಟುಕೊಳ್ಳಬೇಡಿ. ಮಾನ್ಯತೆ ಪಡೆದ ಕಳ್ಳತನ ತಡೆ ಸಾಧನಕ್ಕೆ ಸಣ್ಣ ರಿಯಾಯಿತಿ ಇದೆ, ಡ್ಯಾಶ್‌ಕ್ಯಾಮ್ ಆ ಸಾಲಿಗೆ ಬರುವುದಿಲ್ಲ. ಲಾಭವಾಗುವುದು ಕ್ಲೇಮಿನ ವೇಳೆ: ಸರ್ವೇಯರ್ ಪ್ರಶ್ನೆ ಕೇಳಿದಾಗ ಮಾತಿಗಿಂತ ದೃಶ್ಯ ಬೇಗ ಒಪ್ಪಿಸುತ್ತದೆ. ಇನ್ನೊಂದು ವಿಷಯ, ಕಾರ್ಖಾನೆಯಿಂದ ಬಂದ ಕ್ಯಾಮೆರಾ ಪಾಲಿಸಿಯಲ್ಲಿ ಬರೆದ ಕಾರಿನ ಘೋಷಿತ ಮೌಲ್ಯದಲ್ಲೇ (ಐಡಿವಿ) ಸೇರಿರುತ್ತದೆ. ಹೊರಗೆ ಹಾಕಿಸಿದ್ದನ್ನು ವಿದ್ಯುತ್ ಆಕ್ಸೆಸರಿ ಎಂದು ಪಾಲಿಸಿಯಲ್ಲಿ ಬರೆಸದಿದ್ದರೆ ಅದು ಹಾಳಾದಾಗ ಪರಿಹಾರ ಸಿಗುವುದಿಲ್ಲ.

ರಾಯಚೂರಿನ ಬಿಸಿಲಿಗೆ, ಆಗುಂಬೆಯ ಮಳೆಗೆ ತಡೆದೀತೇ?

ಬಿಸಿಲೇ ದೊಡ್ಡ ಶತ್ರು. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಗೆ 42 ಡಿಗ್ರಿ ಇರುವಾಗ ಬಯಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮೀರುವುದುಂಟು. ಒಳಗೆ ಲಿಥಿಯಂ ಬ್ಯಾಟರಿ ಇರುವ ಅಗ್ಗದ ಕ್ಯಾಮೆರಾಗಳು ಊದಿಕೊಳ್ಳುತ್ತವೆ. ಬ್ಯಾಟರಿಯ ಬದಲು, ಬಿಸಿಯನ್ನು ಚೆನ್ನಾಗಿ ತಡೆಯುವ ಸೂಪರ್ ಕೆಪಾಸಿಟರ್ ಇರುವುದನ್ನೇ ಕೇಳಿ ಕೊಳ್ಳಿ. ಮೆಮೊರಿ ಕಾರ್ಡೂ ಮೊಬೈಲಿನದು ಸಾಲದು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಲೇ ಇರುವ ಕೆಲಸಕ್ಕೆ ಹೈ ಎಂಡ್ಯೂರೆನ್ಸ್ ಎಂದು ಬರೆದಿರುವ ಕಾರ್ಡ್ ಬೇಕು. 1080ಪಿ ಗುಣಮಟ್ಟದಲ್ಲಿ 64 ಜಿಬಿ ಕಾರ್ಡ್ ಸುಮಾರು ಎಂಟು ಹತ್ತು ಗಂಟೆಯ ಓಡಾಟವನ್ನು ಹಿಡಿದಿಡುತ್ತದೆ.

ಮಳೆಗಾಲದಲ್ಲಿ ತೊಂದರೆ ಬೇರೆ. ಕ್ಯಾಮೆರಾ ವೈಪರ್ ಒರೆಸುವ ಜಾಗದ ಹಿಂದೆ ಇರದಿದ್ದರೆ ಘಟ್ಟದ ಮಳೆಯಲ್ಲಿ ನೀರಿನ ಚಿತ್ರ ಬಿಟ್ಟು ಬೇರೇನೂ ಸಿಗದು. ಕಾರ್ಖಾನೆಯವರು ಈ ಜಾಗವನ್ನು ಸರಿಯಾಗಿ ಲೆಕ್ಕ ಹಾಕಿರುತ್ತಾರೆ, ಅಂಗಡಿಯವರು ಅಂಟು ಹಿಡಿಯುವ ಕಡೆ ಅಂಟಿಸುತ್ತಾರೆ.

ರಾತ್ರಿ ನಂಬರ್ ಪ್ಲೇಟ್ ಓದಲಾಗುತ್ತದೆಯೇ?

ಜಾಹೀರಾತಿನಲ್ಲಿ ಓದಲಾಗುತ್ತದೆ. ರಸ್ತೆಯಲ್ಲಿ, ಅದರಲ್ಲೂ ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟುಗಳು ಹೆಡ್‌ಲೈಟಿನ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕ್ಯಾಮೆರಾದಲ್ಲಿ ಬರೀ ಬಿಳಿ ಚೌಕವಾಗಿ ಕಾಣುವುದೇ ಹೆಚ್ಚು. ಹತ್ತಿರದಲ್ಲಿದ್ದು, ವೇಗ ಕಡಿಮೆಯಿದ್ದಾಗ ಓದಬಹುದು. ಇದಕ್ಕೊಂದು ಸುಲಭ ಉಪಾಯ ಇದೆ: ಕ್ಯಾಮೆರಾ ಧ್ವನಿಯನ್ನೂ ದಾಖಲಿಸುತ್ತಿದ್ದರೆ, ಕಣ್ಣಿಗೆ ಕಂಡ ನಂಬರನ್ನು ಆ ಕ್ಷಣವೇ ಗಟ್ಟಿಯಾಗಿ ಓದಿ ಹೇಳಿ. ಅಗಲ ಕೋನದ ಮಸೂರದಲ್ಲಿ ಮುಂದಿನ ವಾಹನ ಇರುವುದಕ್ಕಿಂತ ದೂರ ಕಾಣುತ್ತದೆ ಎಂಬುದೂ ನೆನಪಿರಲಿ, ಅಂತರದ ವಿಚಾರದಲ್ಲಿ ದೃಶ್ಯವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಕಾರು ನಿಂತಿರುವಾಗಲೂ ರೆಕಾರ್ಡ್ ಆಗುತ್ತಿದ್ದರೆ ಬ್ಯಾಟರಿ ಇಳಿಯದೇ?

ಇಳಿಯುತ್ತದೆ. ವೋಲ್ಟೇಜ್ 12ರ ಆಸುಪಾಸಿಗೆ ಬಂದಾಗ ತಾನೇ ಕಡಿದುಕೊಳ್ಳುವ ಕಿಟ್ ಇಲ್ಲದೆ ಪಾರ್ಕಿಂಗ್ ಮೋಡ್ ಬಳಸಬೇಡಿ. ವಾರಕ್ಕೊಮ್ಮೆ ಓಡಿಸುವ ಕಾರಾದರೆ ಆ ಮೋಡ್ ಬೇಡವೇ ಬೇಡ. ಎಲೆಕ್ಟ್ರಿಕ್ ಕಾರಿನವರೂ ನಿಶ್ಚಿಂತರಾಗುವಂತಿಲ್ಲ, ಆ ಕಾರಿನಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇರುತ್ತದೆ.

ಸಂಚಾರ ನಿಯಮ ಮುರಿದವರ ದೃಶ್ಯವನ್ನು ಜಾಲತಾಣಕ್ಕೆ ಹಾಕಬಹುದೇ?

ಪೊಲೀಸರಿಗೆ ಕೊಡಿ. ಬೆಂಗಳೂರು ಸಂಚಾರ ಪೊಲೀಸರು ಮೊದಲು ಪಬ್ಲಿಕ್ ಐ, ಈಗ ಅಸ್ತ್ರಂ ಆ್ಯಪ್ ಮೂಲಕ ಸಾರ್ವಜನಿಕರ ದೂರು ಪಡೆಯುತ್ತಾರೆ. ಜಾಲತಾಣಕ್ಕೆ ಹಾಕಿ ಕೆಳಗೆ ಬೈಗುಳ ಬರೆದರೆ ಮಾನನಷ್ಟದ ದೂರು ನಿಮ್ಮ ಮೇಲೆಯೇ ಬರಬಹುದು. ಅಪಘಾತದಲ್ಲಿ ನರಳುತ್ತಿರುವವರ ದೃಶ್ಯವನ್ನಂತೂ ಯಾವ ಕಾರಣಕ್ಕೂ ಹಂಚಬೇಡಿ.

ಅಪಘಾತವಾದ ಕೂಡಲೇ ದೃಶ್ಯವನ್ನು ಉಳಿಸಿಕೊಳ್ಳುವುದು ಹೇಗೆ?

ಗಾಯಗೊಂಡವರನ್ನು ಮೊದಲು ನೋಡಿ, ಕ್ಯಾಮೆರಾ ಆಮೇಲೆ. ಡಿಕ್ಕಿಯ ಹೊಡೆತಕ್ಕೆ ಕ್ಯಾಮೆರಾ ಆ ತುಣುಕನ್ನು ತಾನೇ ಬೀಗ ಹಾಕಿಡುತ್ತದೆ, ಆದರೆ ಮೆಲ್ಲನೆಯ ಡಿಕ್ಕಿಯಲ್ಲಿ ಹಾಗಾಗದೆ ಹೋಗಬಹುದು. ಆದ್ದರಿಂದ ತುರ್ತು ಗುಂಡಿ ಒತ್ತಿ, ಸಾಧ್ಯವಾದಷ್ಟು ಬೇಗ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮನೆಯಲ್ಲಿ ನಕಲು ಮಾಡಿಕೊಳ್ಳಿ, ಮೂಲ ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಬೇಡಿ. ಪೊಲೀಸರಿಗೆ ಕಾರ್ಡ್ ಒಪ್ಪಿಸುವುದಾದರೆ ಅದು ಮಹಜರಿನಲ್ಲಿ ನಮೂದಾಗಿದೆಯೇ ಎಂದು ಓದಿ ನೋಡಿದ ಮೇಲೆಯೇ ಸಹಿ ಮಾಡಿ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಅದನ್ನೂ ಹೇಳಿಕೆಯಲ್ಲಿ ಬರೆಸಿ, ನಂತರ ಎದುರಾಳಿ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ.

ಶೋರೂಂನಲ್ಲಿ ಏನೇನು ಕೇಳಬೇಕು?

ಕಾರ್ಡ್ ತೆಗೆಯಲು ಬರುತ್ತದೆಯೇ? ಆ್ಯಪ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ದೃಶ್ಯ ನೋಡಬಹುದೇ? ಉಚಿತ ಸೇವೆಯ ಅವಧಿ ಮುಗಿದ ಮೇಲೆ ಯಾವುದು ನಿಂತುಹೋಗುತ್ತದೆ? ಧ್ವನಿಯನ್ನು ಪ್ರತ್ಯೇಕವಾಗಿ ಆಫ್ ಮಾಡಬಹುದೇ? ಕ್ಯಾಮೆರಾ ಕೆಟ್ಟರೆ ಅದೊಂದನ್ನೇ ಬದಲಾಯಿಸುತ್ತಾರೋ, ಇಡೀ ಘಟಕವನ್ನೋ, ಬೆಲೆ ಎಷ್ಟು? ಮೊದಲ ಎರಡಕ್ಕೆ ತಡವರಿಸಿದರೆ ಕ್ಯಾಮೆರಾ ಇಲ್ಲದ ಆವೃತ್ತಿಯ ಬೆಲೆ ವಿಚಾರಿಸಿ.

ಕಾರು ಮಾರುವಾಗ?

ಕಾರ್ಡ್ ತೆಗೆದಿಟ್ಟುಕೊಳ್ಳಿ, ಆ್ಯಪ್‌ನಿಂದ ನಿಮ್ಮ ಖಾತೆ ಕಳಚಿ, ಪರದೆಯ ಸೆಟ್ಟಿಂಗ್‌ನಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೂ ಇದನ್ನೇ ತಿರುಗಿಸಿ ಮಾಡಬೇಕು: ಹಳೆಯ ಮಾಲೀಕರ ಖಾತೆ ಅಳಿದಿದೆಯೇ ಎಂದು ಖಚಿತಪಡಿಸಿಕೊಳ್ಳದಿದ್ದರೆ, ನಿಮ್ಮ ಕಾರು ಎಲ್ಲೆಲ್ಲಿ ಓಡಾಡುತ್ತದೆ ಎಂಬುದು ಅವರ ಮೊಬೈಲಿನಲ್ಲಿ ಕಾಣುತ್ತಲೇ ಇರಬಹುದು.